ಸ್ವವಿವರದಲ್ಲಿ ಕನ್ನಡವನ್ನು ಬಚ್ಚಿಡಬೇಡಿ



ಹತ್ತನೆಯ ತರಗತಿ, ಪ್ಲಸ್ ಟು, ಪದವಿ ಎಂದು ಒಂದೊಂದೇ ಫಲಿತಾಂಶ ಹೊರಬೀಳುತ್ತಿದ್ದಂತೆ ನಮ್ಮ ಮನೆಗಳಲ್ಲಿ ಅರ್ಜಿಗಳ ಕಾಲ ಶುರುವಾಗುತ್ತದೆ. ಕೆಲಸ ಹುಡುಕಲು ಹೊರಟ ಮಗನೋ ಮಗಳೋ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ಒಂದು ಬಯೋಡೇಟಾ ಮಾಡಿಸಿಕೊಂಡು ಬರುತ್ತಾರೆ. ಅದು ಇಂಗ್ಲಿಷಿನಲ್ಲಿದೆ, ಅಂದವಾಗಿ ಅಚ್ಚಾಗಿದೆ ಎಂಬಷ್ಟಕ್ಕೇ ನಮಗೆ ಸಮಾಧಾನ. ಒಳಗೆ ಏನು ಬರೆದಿದೆ ಎಂದು ಯಾರೂ ಓದಿ ನೋಡುವುದಿಲ್ಲ. ನಾಲ್ಕು ಕಡೆ ಅರ್ಜಿ ಹಾಕಿ ಉತ್ತರ ಬಾರದೆ ಹೋದಾಗ ಮಾತ್ರ ಒಂದು ಮಾತು ಬರುತ್ತದೆ: "ಕನ್ನಡ ಮಾಧ್ಯಮದಲ್ಲಿ ಓದಿಸಿದ್ದೇ ತಪ್ಪಾಯಿತು."

ಈ ಮಾತನ್ನು ನಾನು ಒಪ್ಪಲಾರೆ. ಹಳೆ ವಿದ್ಯಾರ್ಥಿಗಳು ಪ್ರಮಾಣಪತ್ರಕ್ಕೆಂದು ಶಾಲೆಗೆ ಬಂದಾಗ ಅವರ ಕೈಯಲ್ಲಿರುವ ಸ್ವವಿವರಗಳನ್ನು ನಾನು ನೋಡುತ್ತಿರುತ್ತೇನೆ. ಅವುಗಳಲ್ಲಿ ಕಾಣುವ ತಪ್ಪುಗಳು ಮಾಧ್ಯಮದಿಂದ ಬಂದವಲ್ಲ. ನಮ್ಮ ಅಜಾಗ್ರತೆಯಿಂದ ಮತ್ತು ನಮ್ಮ ಕೀಳರಿಮೆಯಿಂದ ಬಂದವು. ಎಲ್ಲಕ್ಕಿಂತ ದೊಡ್ಡ ತಪ್ಪು ಕಾಗುಣಿತದ್ದೂ ಅಲ್ಲ, ವ್ಯಾಕರಣದ್ದೂ ಅಲ್ಲ. ಮಗು ಕನ್ನಡದಲ್ಲಿ ಕಲಿತದ್ದನ್ನು ಬಚ್ಚಿಡುವುದೇ ಆ ತಪ್ಪು.

ಬಚ್ಚಿಟ್ಟರೆ ನಷ್ಟ ಯಾರಿಗೆ?

ಹಲವು ಸ್ವವಿವರಗಳಲ್ಲಿ ಹತ್ತನೆಯ ತರಗತಿಯ ಸಾಲಿನಲ್ಲಿ ವರ್ಷ ಇರುತ್ತದೆ, ಶೇಕಡಾವಾರು ಅಂಕ ಇರುತ್ತದೆ, ಮಾಧ್ಯಮ ಮಾತ್ರ ಇರುವುದಿಲ್ಲ. ಗೊತ್ತಿರುವ ಭಾಷೆಗಳ ಸಾಲಿನಲ್ಲಿ ಇಂಗ್ಲಿಷ್, ಹಿಂದಿ ಎಂದಿರುತ್ತದೆ. ಕನ್ನಡ ಕೊನೆಯಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೇಳಿದರೆ "ಅದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಸರ್" ಎನ್ನುತ್ತಾರೆ. ಅರ್ಜಿ ನೋಡುವವರಿಗೆ ಕಾಗದದಲ್ಲಿ ಇದ್ದದ್ದಷ್ಟೇ ಗೊತ್ತು.

ಬ್ಯಾಂಕಿನ ಕ್ಲಾರ್ಕ್ ಹುದ್ದೆಯನ್ನೇ ತೆಗೆದುಕೊಳ್ಳಿ. ಸಾರ್ವಜನಿಕ ರಂಗದ ಬ್ಯಾಂಕುಗಳು ಈ ಹುದ್ದೆಗೆ ರಾಜ್ಯವಾರು ನೇಮಕ ಮಾಡುತ್ತವೆ. ಯಾವ ರಾಜ್ಯಕ್ಕೆ ಅರ್ಜಿ ಹಾಕುತ್ತೇವೋ ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತಾಡಲು ಬರಬೇಕು. ಸ್ಟೇಟ್ ಬ್ಯಾಂಕಿನಲ್ಲಿ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಅಂಕಪಟ್ಟಿಯಲ್ಲಿ ಆ ಭಾಷೆಯನ್ನು ಕಲಿತದ್ದು ಕಂಡರೆ ಪ್ರತ್ಯೇಕ ಭಾಷಾ ಪರೀಕ್ಷೆಯೂ ಇಲ್ಲ. ಕರ್ನಾಟಕದ ಹುದ್ದೆಗೆ ಅರ್ಜಿ ಹಾಕುವ ಗಡಿನಾಡಿನ ಮಗುವಿಗೆ ಕನ್ನಡ ಶಾಲೆಯ ಅಂಕಪಟ್ಟಿಗಿಂತ ದೊಡ್ಡ ಆಧಾರ ಬೇರೇನು ಬೇಕು?

ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೂ ಹೀಗೆಯೇ. ಅಲ್ಲಿ ಆಯ್ಕೆ ಹತ್ತನೆಯ ತರಗತಿಯ ಅಂಕಗಳ ಮೇಲೆ. ಆಯಾ ವೃತ್ತದ ಭಾಷೆಯನ್ನು ಹತ್ತನೆಯವರೆಗೆ ಕಲಿತಿರಬೇಕೆಂಬ ನಿಯಮವಿದೆ. ಕರ್ನಾಟಕ ವೃತ್ತದಲ್ಲಿ ಕನ್ನಡ ಕೇಳುತ್ತಾರೆ, ಕೇರಳ ವೃತ್ತದಲ್ಲಿ ಮಲಯಾಳ. ಇದನ್ನು ನೋಡದೆ, ಹತ್ತಿರದ ಊರು ಎಂಬ ಒಂದೇ ಕಾರಣಕ್ಕೆ ವೃತ್ತವನ್ನು ಆರಿಸಿ ಅರ್ಜಿ ಕಳೆದುಕೊಳ್ಳುವವರಿದ್ದಾರೆ.

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶಕ್ಕೂ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ವಿಭಾಗವಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೂ ಇದೆ. ಮಾತೃಭಾಷೆ, ವಾಸಸ್ಥಳ, ಓದಿದ ಶಾಲೆ ಇವಕ್ಕೆಲ್ಲ ದಾಖಲೆ ಬೇಕು. ಅರ್ಜಿಯಲ್ಲಿ ಮಾತೃಭಾಷೆಯ ಮುಂದೆ ಅಂಗಡಿಯವನು ತನ್ನ ರೂಢಿಯಂತೆ ರಾಜ್ಯಭಾಷೆಯ ಹೆಸರನ್ನು ಒತ್ತಿಬಿಟ್ಟರೆ, ಆ ಬಾಗಿಲು ಅಲ್ಲಿಗೇ ಮುಚ್ಚಿತು.

"ಖಾಸಗಿ ಕಂಪೆನಿಯವರು ಕನ್ನಡ ಮಾಧ್ಯಮ ಎಂದು ಕಂಡರೆ ಅರ್ಜಿಯನ್ನು ಬದಿಗೆ ಇಡುತ್ತಾರೆ" ಎಂದು ನೀವು ಹೇಳಬಹುದು. ಕೆಲವು ಕಡೆ ಹಾಗಾಗುವುದುಂಟು, ಅದನ್ನು ಇಲ್ಲವೆನ್ನಲಾರೆ. ಆದರೆ ಸಂದರ್ಶನದಲ್ಲಿ "ಯಾವ ಶಾಲೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಚ್ಚಿಟ್ಟ ಹುಡುಗ ಅಲ್ಲಿ ತಡವರಿಸುತ್ತಾನೆ. ಬರೆದು ಬಂದವನು ನೇರವಾಗಿ ಉತ್ತರಿಸುತ್ತಾನೆ. ಮಾಧ್ಯಮವನ್ನು ಬರೆಯಲಿ, ಅದರ ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಗಳಿಸಿದ ಅಂಕವನ್ನೂ, ಪದವಿಯನ್ನು ಯಾವ ಭಾಷೆಯಲ್ಲಿ ಓದಿದ ಎಂಬುದನ್ನೂ ಬರೆಯಲಿ. ಎರಡು ಭಾಷೆಯಲ್ಲಿ ಕಲಿಯಬಲ್ಲವನೆಂದು ಕಾಗದವೇ ಹೇಳುತ್ತದೆ.

ಭಾಷೆಗಳ ಸಾಲು

ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎಂದು ವೇದಿಕೆಗಳಲ್ಲಿ ಹೊಗಳುತ್ತೇವೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪಾಠವಾಗಿ ಹಿಂದಿ ಮತ್ತು ಇಂಗ್ಲಿಷ್: ನಮ್ಮ ಸಾಧಾರಣ ಮಗುವಿಗೆ ಐದು ಭಾಷೆ ಬರುತ್ತದೆ. ಜತ್ತದ ಮಗುವಿಗೆ ಕನ್ನಡದೊಂದಿಗೆ ಮರಾಠಿ, ಆದವಾನಿಯ ಮಗುವಿಗೆ ತೆಲುಗು, ತಾಳವಾಡಿಯ ಮಗುವಿಗೆ ತಮಿಳು. ಆಸ್ಪತ್ರೆ, ಬ್ಯಾಂಕು, ಔಷಧ ಕಂಪೆನಿ, ಸಾರಿಗೆ ಸಂಸ್ಥೆ ಇವೆಲ್ಲ ಗಡಿಪ್ರದೇಶದಲ್ಲಿ ಹುಡುಕುವುದು ಇಂಥವರನ್ನೇ. ಆದರೂ ಸ್ವವಿವರದಲ್ಲಿ ಈ ಸಾಲು ಬಡವಾಗಿಯೇ ಇರುತ್ತದೆ.

ಬರೆಯುವ ಕ್ರಮ ಸರಳ. ಒಂದೊಂದು ಭಾಷೆಯ ಮುಂದೆಯೂ ಓದಲು, ಬರೆಯಲು, ಮಾತಾಡಲು ಎಂದು ಮೂರು ಅಂಕಣ ಮಾಡಿ, ಬರುವುದನ್ನು ಮಾತ್ರ ಗುರುತು ಮಾಡಬೇಕು. ಮಲಯಾಳ ಮಾತಾಡಲು ಬರುತ್ತದೆ, ಬರೆಯಲು ಬಾರದು ಎಂದಾದರೆ ಹಾಗೆಯೇ ಇರಲಿ. ಎಲ್ಲದರ ಮುಂದೆಯೂ ಗುರುತು ಹಾಕಿ, ಸಂದರ್ಶನದಲ್ಲಿ ನಾಲ್ಕು ಸಾಲು ಬರೆಯಲು ಹೇಳಿದಾಗ ಕೈಚೆಲ್ಲಿದರೆ, ಉಳಿದ ನಿಜಗಳಿಗೂ ಬೆಲೆ ಇಲ್ಲದಾಗುತ್ತದೆ.

ಒಂದೇ ಮಗು, ನಾಲ್ಕು ಹೆಸರು

ಎರಡನೆಯ ದೊಡ್ಡ ತಪ್ಪು ಹೆಸರಿನದ್ದು. ಇದು ಗಡಿನಾಡಿನವರಿಗೆ ವಿಶೇಷವಾಗಿ ಕಾಡುವ ತೊಂದರೆ, ಏಕೆಂದರೆ ಒಂದೊಂದು ರಾಜ್ಯದಲ್ಲಿ ಹೆಸರು ಬರೆಯುವ ಪದ್ಧತಿ ಒಂದೊಂದು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ದಾಖಲೆಗಳಲ್ಲಿ ಅಡ್ಡಹೆಸರು ಮೊದಲು, ಅನಂತರ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು. ರಾಯದುರ್ಗ, ಮಡಕಶಿರಾ ಕಡೆ ಮನೆತನದ ಹೆಸರು ಮೊದಲು. ಹೊಸೂರಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮೊದಲು. ನಮ್ಮಲ್ಲಿ ಮೊದಲಕ್ಷರ ಹೆಚ್ಚಾಗಿ ಹೆಸರಿನ ಕೊನೆಗೆ. ಪಾಸ್‌ಪೋರ್ಟಿನ ಅರ್ಜಿಯಾದರೋ ಅಡ್ಡಹೆಸರು ಬೇರೆ, ಹೆಸರು ಬೇರೆ ಎಂದು ಕೇಳುತ್ತದೆ.

ಇದರ ಮೇಲೆ ಲಿಪ್ಯಂತರದ ಗೊಂದಲ. ಕನ್ನಡದ ಹೆಸರು ಮಲಯಾಳದ ಮೂಲಕ ಇಂಗ್ಲಿಷಿಗೆ ಹೋಗುವಾಗ ಕೃಷ್ಣ ಎಂಬುದು ಕೃಷ್ಣನ್, ನಾರಾಯಣ ಎಂಬುದು ನಾರಾಯಣನ್ ಆಗಿಬಿಡುತ್ತದೆ. ಊರಿನ ಹೆಸರೂ ಹಾಗೆಯೇ. ಒಂದು ಕಾಗದದಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಒಂದರಲ್ಲಿ ಕುಂಬಳೆ, ಇನ್ನೊಂದರಲ್ಲಿ ಕುಂಬ್ಳ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಸ್ವವಿವರದಲ್ಲಿ ಮಗು ತನಗೆ ಇಷ್ಟವಾದಂತೆ ಬರೆದುಕೊಂಡ ಮತ್ತೊಂದು. ದಾಖಲೆ ಪರಿಶೀಲನೆಯ ದಿನ ಅಧಿಕಾರಿ ಕೇಳುತ್ತಾರೆ: "ಇವರೆಲ್ಲ ಒಬ್ಬರೇ ಎಂಬುದಕ್ಕೆ ಆಧಾರವೇನು?"

ಇದಕ್ಕೆ ಮದ್ದು ಹೆತ್ತವರ ಕೈಯಲ್ಲೇ ಇದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮೊದಲು ಶಾಲೆಯಲ್ಲಿ ಹೆಸರು, ಜನ್ಮದಿನಾಂಕ, ತಂದೆತಾಯಿಯ ಹೆಸರುಗಳ ಪಟ್ಟಿಯನ್ನು ತೋರಿಸಿ ಸಹಿ ಪಡೆಯುತ್ತೇವೆ. ಆ ದಿನ ದಯವಿಟ್ಟು ಜನನ ಪ್ರಮಾಣಪತ್ರವನ್ನೂ ಆಧಾರನ್ನೂ ಹಿಡಿದುಕೊಂಡು ಬನ್ನಿ, ಒಂದೊಂದು ಅಕ್ಷರವನ್ನೂ ತಾಳೆ ನೋಡಿ, ಆಮೇಲೆ ಸಹಿ ಹಾಕಿ. ಆಗ ಐದು ನಿಮಿಷದ ಕೆಲಸ. ಅಚ್ಚಾದ ಮೇಲೆ ತಿರುವನಂತಪುರದ ಪರೀಕ್ಷಾ ಭವನದವರೆಗೆ ಅರ್ಜಿ ಹೋಗಬೇಕು. ಈಗಾಗಲೇ ಹೆಸರು ಬೇರೆಬೇರೆಯಾಗಿದ್ದರೆ, ಕೇರಳದಲ್ಲಿ ಗ್ರಾಮ ಕಚೇರಿಯಿಂದ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರ ಪಡೆಯಬಹುದು. ಕೆಲಸದ ಕರೆ ಬಂದ ಮೇಲೆ ಓಡಾಡುವ ಬದಲು ಮೊದಲೇ ಪಡೆದಿಡಿ. ಸ್ವವಿವರದಲ್ಲಂತೂ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಹೆಸರು ಬರೆಯಬೇಕು. ಅದರಲ್ಲಿ ರಾಜಿ ಬೇಡ.

ಎರವಲು ಮಾತು, ಬೇಡದ ವಿವರ

ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಹಳೆಯ ಸ್ವವಿವರ ಇರುತ್ತದೆ. ಹೆಸರು, ವಿಳಾಸ, ಅಂಕ ಬದಲಿಸಿ ಎಲ್ಲರಿಗೂ ಅದನ್ನೇ ಕೊಡುತ್ತಾರೆ. ಮೇಲ್ಗಡೆ "ಗುರಿ" ಎಂಬ ತಲೆಬರಹದ ಕೆಳಗೆ ಮೂರು ಸಾಲಿನ ಭಾರವಾದ ಇಂಗ್ಲಿಷ್. ಅದರ ಅರ್ಥ ಕೇಳಿದರೆ ಮಗುವಿಗೆ ತಿಳಿಯದು. ಒಂದೇ ಊರಿನ ಹತ್ತು ಮಂದಿಯ ಗುರಿ ಅಕ್ಷರಕ್ಷರವೂ ಒಂದೇ ಆಗಿದ್ದರೆ ಓದುವವರು ಏನೆಂದುಕೊಳ್ಳಬೇಕು? ತನಗೆ ಅರ್ಥವಾಗದ ಒಂದು ಪದವೂ ತನ್ನ ಸ್ವವಿವರದಲ್ಲಿ ಇರಬಾರದು ಎಂದು ಮಗುವಿಗೆ ಹೇಳಿ. ಯಾವ ಕೆಲಸಕ್ಕೆ ಅರ್ಜಿ, ಅದಕ್ಕೆ ತನ್ನಲ್ಲಿ ಏನಿದೆ ಎಂದು ಎರಡು ಸರಳ ವಾಕ್ಯ ಸಾಕು.

ರಕ್ತದ ಗುಂಪು, ಎತ್ತರ, ತೂಕ, ಜಾತಿ, ಅಕ್ಕತಂಗಿಯರ ಸಂಖ್ಯೆ ಇವೆಲ್ಲ ಮದುವೆಯ ಸ್ವವಿವರಕ್ಕೆ ಹೊಂದುತ್ತವೆ. ಕೆಲಸದವರು ಕೇಳಿದರೆ ಮಾತ್ರ ಬರೆಯಬೇಕು. ಅದೇ ಹೊತ್ತಿಗೆ ಬರೆಯಲೇಬೇಕಾದದ್ದು ಬಿಟ್ಟುಹೋಗಿರುತ್ತದೆ. ಶಾಲಾ ಕಲೋತ್ಸವದ ಯಕ್ಷಗಾನದಲ್ಲಿ ಎ ಗ್ರೇಡ್ ಪಡೆದ ಮಗು ಹವ್ಯಾಸದ ಸಾಲಿನಲ್ಲಿ "ಟಿ.ವಿ. ನೋಡುವುದು" ಎಂದು ಬರೆಯುತ್ತದೆ! ಯಾವ ವರ್ಷ, ಯಾವ ಮಟ್ಟ, ಯಾವ ಗ್ರೇಡ್ ಎಂದು ಪ್ರಮಾಣಪತ್ರ ನೋಡಿ ಬರೆಯಲಿ. ತಂದೆಯ ಅಂಗಡಿಯಲ್ಲಿ ಎರಡು ವರ್ಷ ಲೆಕ್ಕ ನೋಡಿದ್ದರೆ ಅದೂ ಅನುಭವವೇ. ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯುವುದು ಮಾತ್ರ ಬೇಡ.

ದೂರವಾಣಿ ಸಂಖ್ಯೆ ಕೊಡುವಾಗ ಗಲ್ಫಿನಲ್ಲಿರುವ ಮಾವನದ್ದೋ ಆಗಾಗ ಬದಲಾಗುವ ಸಿಮ್ಮಿನದ್ದೋ ಬೇಡ. ಮಗುವಿನ ಕೈಯಲ್ಲೇ ಇರುವ ಸಂಖ್ಯೆ ಇರಲಿ. ಕೇರಳ ಲೋಕಸೇವಾ ಆಯೋಗಕ್ಕೆ ಏರಿಸುವ ಭಾವಚಿತ್ರದ ಕೆಳಗೆ ಹೆಸರು ಮತ್ತು ಚಿತ್ರ ತೆಗೆದ ದಿನಾಂಕ ಅಚ್ಚಾಗಿರಬೇಕು. ಈ ಚಿಕ್ಕ ಸಂಗತಿಗೇ ಅರ್ಜಿ ತಿರಸ್ಕೃತವಾಗಬಹುದು.

ಇದು ಒಬ್ಬನ ಕೆಲಸದ ಪ್ರಶ್ನೆ ಮಾತ್ರವಲ್ಲ

ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳಿವೆ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳಿವೆ. ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವಿದೆ. 1969ರ ಕೇರಳ ಆಡಳಿತ ಭಾಷಾ ಕಾಯಿದೆ ಆಗಿನ ಕಾಸರಗೋಡು ತಾಲೂಕಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಹೇಳುವ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿದೆ. ಆದರೆ ಈ ಹಕ್ಕುಗಳು ನಡೆಯಬೇಕಾದರೆ ಕಚೇರಿಯ ಮೇಜಿನ ಹಿಂದೆ ಕನ್ನಡ ಓದಬಲ್ಲವರು ಕುಳಿತಿರಬೇಕು, ತರಗತಿಯಲ್ಲಿ ಕನ್ನಡ ಬಲ್ಲ ಅಧ್ಯಾಪಕರು ನಿಂತಿರಬೇಕು.

ಕನ್ನಡ ಮಕ್ಕಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸಿದಾಗ ನಾವು ಧರಣಿ ಕೂರುತ್ತೇವೆ, ಕೂರಲೇಬೇಕು. ಅದರ ಜೊತೆಗೆ, ಅಂಥ ಹುದ್ದೆಗೆ ಅಧಿಸೂಚನೆ ಬಂದಾಗ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಸರಿಯಾದ ಅರ್ಜಿ ಹಾಕಿದರು ಎಂದೂ ಕೇಳಿಕೊಳ್ಳಬೇಕು. ಅರ್ಹ ಮಗುವಿನ ಅರ್ಜಿ ಹೆಸರಿನ ವ್ಯತ್ಯಾಸಕ್ಕೋ ಮಾಧ್ಯಮದ ದಾಖಲೆ ಇಲ್ಲದ್ದಕ್ಕೋ ಬಿದ್ದುಹೋದರೆ, ಆ ಕುರ್ಚಿ ಖಾಲಿ ಬೀಳುತ್ತದೆ ಇಲ್ಲವೇ ಕನ್ನಡ ಬಾರದವರ ಪಾಲಾಗುತ್ತದೆ. ಅದರ ಫಲವನ್ನು ಉಣ್ಣುವವರು ಮುಂದಿನ ತರಗತಿಯ ಮಕ್ಕಳು.

ಶಾಲೆಗಳಿಗೂ ನನ್ನದೊಂದು ಸಲಹೆಯಿದೆ. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಬೇಕು. ಹತ್ತನೆಯ ತರಗತಿಯ ಪ್ರತಿ ಮಗುವೂ ತನ್ನ ಕೈಬರಹದಲ್ಲಿ ಒಂದು ಪುಟದ ಸ್ವವಿವರವನ್ನು ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಬರೆಯಲಿ. ಕನ್ನಡದಲ್ಲಿ ತನ್ನ ಬಗ್ಗೆ ಸ್ಪಷ್ಟವಾಗಿ ಬರೆಯಲು ಬಂದವನಿಗೆ ಇನ್ನೊಂದು ಭಾಷೆಗೆ ಅದನ್ನು ತರುವುದು ಕಷ್ಟವಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಪ್ರಮಾಣಪತ್ರವನ್ನು ವರ್ಗಾವಣೆ ಪತ್ರದ ಜೊತೆಗೇ ಕೊಡುವ ಕ್ರಮ ಎಲ್ಲ ಕಡೆ ಬರಲಿ.

ಹೆತ್ತವರು ಮಾಡಬೇಕಾದದ್ದು ಇಷ್ಟೇ. ಮಗುವಿನ ದಾಖಲೆಗಳನ್ನೆಲ್ಲ ಒಂದು ಕಡತದಲ್ಲಿಡಿ. ಸ್ವವಿವರ ಮನೆಗೆ ಬಂದಾಗ ಅದನ್ನು ಓದಿಸಿ ಕೇಳಿ; ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ, ಮಗುವೇ ಅರ್ಥ ಹೇಳಲಿ. ಹೆಸರು ಸರಿಯಿದೆಯೇ, ಶಾಲೆಯ ಹೆಸರು ಇದೆಯೇ, ಕನ್ನಡ ಮಾಧ್ಯಮ ಎಂದು ಬರೆದಿದೆಯೇ ಎಂದು ಕೇಳಿ. ಹತ್ತು ವರ್ಷ ನಿಮ್ಮ ಮಗು ಕಲಿತ ಭಾಷೆಗೆ ಆ ಒಂದು ಪುಟದಲ್ಲಿ ಒಂದು ಸಾಲಿನ ಜಾಗ ಸಿಗಲಿ.