ಎಲೆಯ ಹಸಿವೂ ಬೆಳಕಿನ ಸಾಕ್ಷ್ಯವೂ

ಪೈರಿಗೆ ಸಾರಜನಕ ಸಾಲದೆಂಬುದು ಎಲೆ ಹಳದಿಗಟ್ಟಿದ ಮೇಲೆಯೇ ರೈತನಿಗೆ ಗೋಚರವಾಗುವುದು. ಅಷ್ಟರೊಳಗೆ ಬೆಳವಣಿಗೆ ಕುಂದಿರುತ್ತದೆ. ಈ ಭಯದಿಂದಲೇ ಅನೇಕರು ಅಗತ್ಯವನ್ನರಿಯದೆ ಯೂರಿಯಾ ಸುರಿಯುವರು. ಹಣ ವ್ಯರ್ಥವಾಗುವುದಲ್ಲದೆ ಬಾವಿಯ ನೀರೂ ಕೆಡುವುದು. ಕೊರತೆಯನ್ನು ಮುಂಚೆಯೇ ಅರಿಯುವ ಉಪಾಯವೊಂದು ಈಗ ಲಭಿಸಿರುವುದರಿಂದ, ಅದರ ಗುಣದೋಷಗಳನ್ನು ಗ್ರಾಮದ ಮುಖಂಡರೂ ಜಮೀನುದಾರರೂ ವಿಚಾರಿಸುವುದು ಯುಕ್ತವಾಗಿದೆ.

1928ನೆಯ ಇಸವಿ ಫೆಬ್ರವರಿ 28ರಂದು ಸಿ. ವಿ. ರಾಮನ್‌ರವರು ಕೆ. ಎಸ್. ಕೃಷ್ಣನ್‌ರವರೊಡನೆ ಕಲ್ಕತ್ತೆಯಲ್ಲಿ ಕಂಡುಹಿಡಿದ ತತ್ತ್ವವೇ ಇದಕ್ಕೆ ಮೂಲ. 1933ರಿಂದ ರಾಮನ್‌ರವರು ಬೆಂಗಳೂರಿನಲ್ಲಿಯೇ ನೆಲೆಸಿದರು. ಒಂದೇ ಬಣ್ಣದ ಬೆಳಕು ವಸ್ತುವಿನ ಮೇಲೆ ಬಿದ್ದು ಚದರುವಾಗ, ಅದರ ಅತ್ಯಲ್ಪ ಭಾಗವು ಬಣ್ಣ ಬದಲಿಸುವುದು. ಈ ಬದಲಾವಣೆ ಒಂದೊಂದು ಅಣುವಿಗೆ ಒಂದೊಂದು ಬಗೆ. ದಸ್ತಾವೇಜಿನ ಮೇಲಣ ಹೆಬ್ಬೆಟ್ಟಿನ ಗುರುತಿದ್ದಂತೆ. ಎಲೆಯನ್ನು ಚುಕ್ಕೆ ಚುಕ್ಕೆಯಾಗಿ ಪರೀಕ್ಷಿಸಿ ಫಲಿತಗಳನ್ನು ಜೋಡಿಸಿದರೆ, ಯಾವ ದ್ರವ್ಯ ಎಲ್ಲೆಲ್ಲಿ ಇದೆಯೆಂಬ ಚಿತ್ರವೇ ದೊರೆಯುವುದು. ಎಲೆಗೆ ರಂಗು ಕಟ್ಟಬೇಕಾಗಿಲ್ಲ. ಜೀವಕೋಶದೊಳಗಿನ ನೀರೂ ಹೆಚ್ಚು ಅಡ್ಡಿಮಾಡದು.

2020ರಲ್ಲಿ ಸಿಂಗಪುರದ ಸಂಶೋಧಕರು ಎಲೆಯೊಳಗಿನ ನೈಟ್ರೇಟಿನ ಗುರುತನ್ನು ಹೀಗೆ ಅಳೆದು, ಸೊಪ್ಪಿನ ಪೈರುಗಳ ಸಾರಜನಕದ ಕೊರತೆಯನ್ನು ಕಣ್ಣಿಗೆ ಕಾಣುವ ಮೊದಲೇ ಪತ್ತೆಮಾಡಿ ಪ್ರಕಟಿಸಿದರು.

ಆದರೆ ತೊಡಕುಗಳೂ ಉಂಟು. ಎಲೆಯ ಹಸಿರು ದ್ರವ್ಯವು ತಾನೇ ಹೊಳೆದು ಈ ಕ್ಷೀಣವಾದ ಬೆಳಕನ್ನು ಮುಚ್ಚಿಬಿಡುವುದರಿಂದ, ತಕ್ಕ ಲೇಸರ್ ಉಪಕರಣವೂ ಪಳಗಿದ ಕೈಯೂ ಬೇಕು. ಅದಕ್ಕಿಂತ ಮುಖ್ಯವಾಗಿ, ಸಿಂಗಪುರದ ಸೊಪ್ಪಿಗೆ ಒಪ್ಪಿದ ಅಳತೆ ಕನ್ನಡನಾಡಿನ ರಾಗಿಗೂ ಭತ್ತಕ್ಕೂ ಒಪ್ಪುವುದೆಂದು ನಂಬಲಾಗದು. ತಳಿ, ಮಣ್ಣು, ಪೈರಿನ ವಯಸ್ಸು ಇವಕ್ಕನುಸಾರವಾಗಿ ಅಳತೆಯನ್ನು ಇಲ್ಲಿಯೇ ಸಿದ್ಧಪಡಿಸಬೇಕು.

ಆದಕಾರಣ, ಮಾರುವವರ ಮಾತಿಗೆ ಮರುಳಾಗಿ ಯಾರೂ ಒಬ್ಬೊಬ್ಬರೇ ಯಂತ್ರವನ್ನು ಕೊಳ್ಳತಕ್ಕದ್ದಲ್ಲ. ಇದು ಹತ್ತಾರು ಹಳ್ಳಿಗಳಿಗೆ ಸಾಮಾನ್ಯವಾದ ಪರೀಕ್ಷಾಶಾಲೆಯಲ್ಲಿ ಇರತಕ್ಕ ಸಾಧನ. ಮುಖಂಡರು ಅದನ್ನು ಕೇಳಿ ಪಡೆಯಲಿ. ಕೇಳುವುದರ ಜೊತೆಗೆ, ಗೊಬ್ಬರ ಹಾಕಿದ ಮತ್ತು ಹಾಕದ ಒಂದೊಂದು ಪಟ್ಟೆ ನೆಲವನ್ನು ಪ್ರಯೋಗಕ್ಕೆ ಬಿಟ್ಟುಕೊಟ್ಟು, ಹಾಕಿದ ಗೊಬ್ಬರದ ಲೆಕ್ಕವನ್ನು ತಪ್ಪದೆ ಬರೆದಿಡಲಿ. ಅಲ್ಲಿಯವರೆಗೆ ಭತ್ತದ ಗದ್ದೆಗೆ ಅಲ್ಪ ಬೆಲೆಯ ಎಲೆಬಣ್ಣದ ಪಟ್ಟಿಯೇ ಸಾಕು. ಹೊಲದ ಲೆಕ್ಕವಿಲ್ಲದ ಊರಿಗೆ ಎಷ್ಟು ಬೆಲೆಯ ಯಂತ್ರ ಬಂದರೂ ಪ್ರಯೋಜನವಾಗದು.