ಹಳೆ ಅಮೆರಿಕನ್ ಕಾರಿಗೆ ಬಣ್ಣಕ್ಕಿಂತ ಬ್ರೇಕ್ ಮುಖ್ಯ

ಅಮೆರಿಕದ ಹಳೆಯ ಕಾರು ಕೊಂಡವರಲ್ಲಿ ಅನೇಕರು ಮೊದಲು ಓಡುವುದು ಬಣ್ಣ ಹೊಡೆಯುವವರ ಹತ್ತಿರ. ಕ್ರೋಮ್ ಹೊಳೆಯಬೇಕು, ಸೀಟು ಹೊಸದಾಗಬೇಕು. ಬ್ರೇಕ್ ಮಾತ್ರ ‘ಆಮೇಲೆ ನೋಡಿದರಾಯ್ತು’. ಈ ಲೆಕ್ಕವೇ ತಲೆಕೆಳಗು.

1957ರ ಷೆವರ್ಲೆ ಬೆಲ್ ಏರ್ ಕಾರನ್ನೇ ನೋಡಿ. ನಾಲ್ಕೂ ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಇರುವುದು ಒಂದೇ ಕೋಣೆ. ಯಾವುದೋ ಒಂದು ಚಕ್ರದ ರಬ್ಬರ್ ಪೈಪ್ ಒಡೆದರೂ ಸಾಕು, ಪೆಡಲ್ ತಳ ಮುಟ್ಟುತ್ತದೆ, ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಉಳಿಯುವುದು ಕೇಬಲ್ಲಿನ ಹ್ಯಾಂಡ್‌ಬ್ರೇಕ್, ಅದೂ ಹಿಂದಿನ ಎರಡು ಚಕ್ರಕ್ಕೆ. ಒಂದು ಲೈನ್ ಕೈಕೊಟ್ಟರೆ ಇನ್ನೊಂದು ಕಾಯುವ ಜೋಡಿ ವ್ಯವಸ್ಥೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1968ರಲ್ಲಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಶೆಡ್ಡಿನಲ್ಲೇ ನಿಂತ ಕಾರಿನ ಸಿಲಿಂಡರಿಗೆ ಒಳಗಿಂದಲೇ ತುಕ್ಕು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು, ಹಳೆ ರಬ್ಬರ್ ಪೈಪ್ ತೆಗೆಸಬೇಕು, ಮುಂದಿನ-ಹಿಂದಿನ ಲೈನ್ ಬೇರ್ಪಡಿಸಿ ಎರಡು ಕೋಣೆಯ ಸಿಲಿಂಡರ್ ಕೂರಿಸಬೇಕು.

‘ಒರಿಜಿನಲ್ ಕೆಡುತ್ತದಲ್ಲ’ ಎನ್ನುವವರಿದ್ದಾರೆ. ಕಳಚಿದ ಭಾಗವನ್ನು ಜೋಪಾನವಾಗಿ ಎತ್ತಿಡಲಿ. ಪ್ರದರ್ಶನಕ್ಕೆ ಬೇಕಾದರೆ ಮತ್ತೆ ಹಾಕಿಸಬಹುದು. ಆದರೆ ರಸ್ತೆಗಿಳಿಯುವ ಕಾರು ಮೊದಲು ನಿಲ್ಲುವುದನ್ನು ಕಲಿತಿರಬೇಕು. ಎದುರು ಬರುವವರಿಗೂ ಮನೆಯಲ್ಲಿ ದಾರಿ ಕಾಯುವವರಿರುತ್ತಾರೆ.