ಸೋರಿದ್ದು ವರದಿ, ಮುಚ್ಚಿಹೋದದ್ದು ಪ್ರಶ್ನೆ



ಶಿರಾಡಿ ಘಾಟಿಯಿಳಿದು, ಬಂಟ್ವಾಳದ ಬಿ.ಸಿ.ರೋಡನ್ನು ಹಾದು ಬಂದರಿನತ್ತ ಸಾಗುತ್ತಿದ್ದ ಅದಿರು ಲಾರಿಗಳ ಸಾಲನ್ನೂ ಅವು ಬಿಟ್ಟುಹೋದ ಹೊಂಡಗಳನ್ನೂ ನಮ್ಮವರು ಮರೆತಿರಲಾರರು. ರಾಜ್ಯದ ಅದಿರು ವ್ಯವಹಾರದಲ್ಲಿದ್ದ ಅಕ್ರಮವನ್ನು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ವರದಿ 2011ರಲ್ಲಿ ಮುಂದಿಟ್ಟಿತು. ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದಿತು.

ಆದರೆ ಜುಲೈ 27ರಂದು ಸರ್ಕಾರದ ಕೈಸೇರುವ ಮೊದಲೇ ಅದರ ಭಾಗಗಳು ಮಾಧ್ಯಮಗಳಲ್ಲಿ ಪ್ರಕಟವಾದವು. ತಮ್ಮ ದೂರವಾಣಿಯನ್ನು ಕದ್ದಾಲಿಸಲಾಗಿದೆಯೆಂದು ಹೆಗ್ಡೆಯವರು ದೂರಿದರು, ಸರ್ಕಾರ ಅಲ್ಲಗಳೆಯಿತು. ಸೋರಿಸಿದವರಾರು ಎಂಬ ಗದ್ದಲವೆದ್ದಿತು. ಸೋರಿಕೆಯ ತನಿಖೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕಳವಿನ ಲೆಕ್ಕವನ್ನು ಬದಿಗಿರಿಸಿ, ಕೂಗಿದವನ ಹೆಸರನ್ನಷ್ಟೇ ಕೇಳುವುದು ಯಾವ ನ್ಯಾಯ?

ಮಾಧ್ಯಮಗಳೂ ಹೊಣೆಯಿಂದ ನುಣುಚಿಕೊಳ್ಳಲಾಗದು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಜುಲೈ 31ರಂದು ರಾಜೀನಾಮೆಯಿತ್ತರು. 2012ರ ಮಾರ್ಚಿನಲ್ಲಿ, ಅವರ ಅಹವಾಲನ್ನು ಆಲಿಸಿರಲಿಲ್ಲವೆಂಬ ಕಾರಣವನ್ನೂ ನೀಡಿ, ವರದಿಯನ್ನಾಧರಿಸಿ ಅವರ ಮೇಲೆ ಹೂಡಿದ್ದ ಪ್ರಕರಣವನ್ನು ಹೈಕೋರ್ಟು ರದ್ದುಪಡಿಸಿತು. ಮುಂದೆ ಸಿಬಿಐ ಹೂಡಿದ ಪ್ರಕರಣದಲ್ಲಿ 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ಸೋರಿದ ಹಾಳೆಯನ್ನೇ ತೀರ್ಪೆಂಬಂತೆ ಬಿತ್ತರಿಸಿದವರಿಗೆ, ನಿಜವಾದ ತೀರ್ಪುಗಳನ್ನು ಜನರಿಗೆ ಬಿಡಿಸಿ ಹೇಳುವ ಕರ್ತವ್ಯವೂ ಇದೆ. ಅಗೆದ ಗುಡ್ಡಗಳ ಗತಿಯೇನಾಯಿತೆಂದು ಹಿಂತಿರುಗಿ ನೋಡುವ ಕರ್ತವ್ಯವೂ ಇದೆ. ಕುರ್ಚಿ ಖಾಲಿಯಾದೊಡನೆ ಸುದ್ದಿ ಮುಗಿಯಬಾರದು.

ಸೋರಿಕೆಯ ಬೇರು ಗುಟ್ಟಿನಲ್ಲಿದೆ. ಅದೇ 2011ರ ಆಗಸ್ಟಿನಲ್ಲಿ ಸಲ್ಲಿಕೆಯಾದ ಮಾಧವ ಗಾಡ್ಗೀಳ್ ಸಮಿತಿಯ ಪಶ್ಚಿಮಘಟ್ಟ ವರದಿಯನ್ನು ಕೇಂದ್ರ ಸರ್ಕಾರ ಮುಂದಿನ ಮೇ ತಿಂಗಳವರೆಗೆ ಮುಚ್ಚಿಟ್ಟಿತು. ಮಾಹಿತಿ ಹಕ್ಕಿನ ಹೋರಾಟ ನಡೆದ ಬಳಿಕವೇ ಅದು ಬೆಳಕು ಕಂಡಿತು. ವರದಿಯನ್ನು ಓದಲು ಕೊಡದಿದ್ದರೆ ಬೆಳ್ತಂಗಡಿಯ ಘಟ್ಟದ ಬುಡದ ಮನೆಗಳಿಗೆ ಒಕ್ಕಲೆಬ್ಬಿಸುವ ವದಂತಿಯೇ ವರದಿಯಾಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಸರಳ. ನಮ್ಮ ಮಣ್ಣು, ನೀರು, ಕಾಡುಗಳ ಕುರಿತ ಪ್ರತಿಯೊಂದು ವರದಿಯೂ ಸಲ್ಲಿಕೆಯಾದ ದಿನವೇ ಕನ್ನಡದಲ್ಲಿ ಗ್ರಾಮ ಪಂಚಾಯತಿಗೆ ಬರಲಿ. ತಾನಾಗಿ ಮಾಹಿತಿ ಪ್ರಕಟಿಸುವುದು ಸರ್ಕಾರದ ಕರ್ತವ್ಯವೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮೇ ಹೇಳುತ್ತದೆ. ಮೂಡುಬಿದಿರೆಯ ಕಾಲೇಜುಗಳಲ್ಲಿ ಓದುತ್ತಿರುವ ಗೆಳೆಯರೇ, ಊರಿಗೆ ಬಂದಾಗ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಅರ್ಜಿ ಹಾಕಿರಿ. ದೊರೆತುದನ್ನು ಹಿರಿಯರಿಗೆ ಓದಿ ಹೇಳಿರಿ. ತೆರೆದಿಟ್ಟ ಪುಸ್ತಕವನ್ನು ಯಾರೂ ಸೋರಿಸಲಾರರು.